ಒಂದು ಕಿವಿ ಮನೆ ಕಡೆಗೆ

ಮೈಕ್ ಕಂಡರೆ ಬಿಳಿಕೆರೆಯ ಮಹದೇವಪ್ಪನವರಿಗೆ ಕೈ ತುರಿಸುತ್ತಿತ್ತು. ಯಾರದೇ ಗೃಹಪ್ರವೇಶವಿರಲಿ, ಶಾಲೆಯ ಧ್ವಜಾರೋಹಣವಿರಲಿ, ಸ್ವಾಗತ ಭಾಷಣ ಅವರದೇ. ಕರೆಯದಿದ್ದರೂ ಹೋಗಿ ಮೈಕಿನ ಕತ್ತು ಹಿಡಿದು, ಉಫ್ ಉಫ್ ಎಂದು ಊದಿ, 'ಹಲೋ ಹಲೋ' ಎಂದು ತಮ್ಮ ದನಿಯನ್ನು ತಾವೇ ಕೇಳಿ ಸಂತೋಷಪಟ್ಟು, ಆಮೇಲೆ ಊಟದ ಎಲೆ ಹಾಕುವ ತನಕ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಸೊಸೈಟಿಯ ನಿರ್ದೇಶಕರಾಗಿದ್ದರು. ಆ ಅವಧಿ ಮುಗಿದು ವರ್ಷಗಳಾಗಿದ್ದವು, ಭಾಷಣ ಮಾತ್ರ ಇನ್ನೂ ಮುಗಿದಿರಲಿಲ್ಲ.

ಇಂಥವರ ಹಿರಿಮಗ ರುದ್ರಸ್ವಾಮಿ. ಅಪ್ಪ ಆಡಬೇಕಾದ ಮಾತನ್ನೂ ಮಗ ಆಡಬೇಕಾದ ಮಾತನ್ನೂ ಅಪ್ಪನೇ ಆಡಿಬಿಡುತ್ತಿದ್ದರಿಂದ ಅವನ ಪಾಲಿಗೆ ಉಳಿದದ್ದು 'ಹೂಂ' ಒಂದೇ. ಅದರಲ್ಲೇ ಜಮೀನು ನೋಡಿಕೊಂಡ, ಅದರಲ್ಲೇ ಮದುವೆಯೂ ಆದ. ಕಿರಿಮಗ ಸಾಗರ್ ಹುಣಸೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾನೆ ಎಂದು ಮನೆಯವರು ನಂಬಿದ್ದರು.

ರುದ್ರಸ್ವಾಮಿಯ ಹೆಂಡತಿ ವಾಣಿಶ್ರೀ ಕೆ.ಆರ್. ನಗರದ ಕಡೆಯವಳು, ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು. ಅವಳಪ್ಪ ವೀರಭದ್ರಸ್ವಾಮಿ ಮದುವೆಯಲ್ಲಿ ಮಗಳಿಗೆ ಒಂದು ಕಂಪ್ಯೂಟರ್ ಕೊಡಿಸಿದ್ದರು. ಬೀರು ಮಂಚ ಬಿಟ್ಟು ಇದೇನು ಕೊಟ್ಟ ಎಂದು ಬೀಗರು ಮೂಗು ಮುರಿದಿದ್ದುಂಟು. ಮನೆಗೆ ಬಂದ ತಿಂಗಳಿಗೇ ಅದು ಸಾಗರನ ಸೊತ್ತಾಯಿತು. ಗುಂಡು ಹೊಡೆಯುವ ಆಟ ಆಡುವುದಕ್ಕೆ ಅದಕ್ಕಿಂತ ಒಳ್ಳೆಯ ಉಡುಗೊರೆಯನ್ನು ಯಾವ ಬೀಗರೂ ಕೊಟ್ಟಿರಲಾರರು.

ಆ ಮನೆಯಲ್ಲಿ ಒಂದು ಕಾನೂನಿತ್ತು. ದೊಡ್ಡವರು ಕೂಗಿದರೆ ಮೊದಲನೆಯ ಕೂಗಿಗೇ 'ಓ' ಎನ್ನಬೇಕು. ಕಾನೂನು ಮಾಡಿದವಳು ಅತ್ತೆ ಸಾಕಮ್ಮ, ಅದು ಅನ್ವಯಿಸುತ್ತಿದ್ದದ್ದು ಸೊಸೆಗೆ ಮಾತ್ರ. ಸಾಗರನನ್ನು ಹತ್ತು ಸಲ ಕೂಗಿದರೂ ಉತ್ತರ ಬರದಿದ್ದರೆ 'ಪಾಪ, ಓದಿ ಓದಿ ಸುಸ್ತಾಗವ್ನೆ ಮಗ' ಎನ್ನುತ್ತಿದ್ದಳು. ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದು ಎರಡನೆಯ ಕೂಗಿಗೆ ಓಗೊಟ್ಟರೆ, ಅವಳ ತವರಿನ ಮೂರು ತಲೆಮಾರಿಗೂ ಕಿವುಡು ಎಂದು ತೀರ್ಪು ಕೊಡುತ್ತಿದ್ದಳು.

ಎರಡು ಸಾವಿರದ ಐದನೇ ಇಸವಿಯ ಶ್ರಾವಣ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಗೂಡುಮನೆಯಲ್ಲಿ ಬೇಯಿಸುವ ಕಾಲ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸುತ್ತ ವಾಣಿಶ್ರೀ ಮಾತು ತೆಗೆದಳು.

"ಮಾವ, ನನಗೊಂದು ಹೆಡ್‌ಫೋನ್ ಬೇಕಿತ್ತು."

"ಅದೇನವ್ವ ಅದು?"

"ಕಿವಿಗೆ ಹಾಕ್ಕೊಂಡು ಕೇಳೋದು ಮಾವ. ಮದುವೆಗೆ ಮುಂಚೆ ಮೈಸೂರಲ್ಲಿ ಒಂದು ಕೆಲಸ ಕಲ್ತಿದ್ದೆ ಅಂದಿದ್ನಲ್ಲ, ಅಮೆರಿಕದ ಡಾಕ್ಟ್ರುಗಳು ಹೇಳಿದ್ದನ್ನ ಕೇಳಿ ಟೈಪ್ ಮಾಡೋದು. ಆ ಆಫೀಸ್ನೋರು ಈಗ ಕರೀತಾವ್ರೆ. ಅವರು ಸೀಡೀಲಿ ಹಾಕಿ ಕೊಡ್ತಾರೆ, ಮನೇಲಿ ಟೈಪ್ ಮಾಡಿ ಶನಿವಾರ ಶನಿವಾರ ಕೊಟ್ಟು ಬರ್ಬೇಕು. ತಪ್ಪಿಲ್ದೆ ಮಾಡಿದ್ರೆ ಕೆಲಸ ಖಾಯಂ ಆಗ್ತದೆ."

ಸಾಕಮ್ಮ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಇಳಿಸಿದಳು. "ಕಿವಿಗೆ ಓಲೆ ಅದೆ, ಜುಮುಕಿ ಅದೆ. ಇನ್ನೂ ಏನು ಬೇಕಂತೆ ಇವಳ ಕಿವೀಗೆ?"

"ಅವ್ವ, ಅದನ್ನ ಹೆಡ್‌ಸೆಟ್ ಅಂತಾರೆ," ಎಂದ ಸಾಗರ್. "ಮೈಕೂ ಇರ್ತದೆ. ನಂಗೂ ಒಂದು ಬೇಕು ಕಣಪ್ಪ, ಪ್ರಾಜೆಕ್ಟಿಗೆ."

ಮಹದೇವಪ್ಪನವರು ತಲೆ ಎತ್ತಿದರು. ಹೆಡ್‌ಫೋನ್ ಎಂದಾಗ ಅವರಿಗೆ ಏನೂ ಆಗಿರಲಿಲ್ಲ. "ಮೈಕಾ? ಮೈಕ್ ಇರ್ತದೇನ್ಲಾ ಅದ್ರಲ್ಲಿ?"

"ಬಾಯಿ ಮುಂದೇನೇ ಬಂದು ನಿಂತ್ಕತದೆ."

"ನನಗೆ ಮೈಕ್ ಬೇಡ ಮಾವ," ಎಂದಳು ವಾಣಿಶ್ರೀ. "ಕೇಳೋದು ಚೆನ್ನಾಗಿದ್ರೆ ಸಾಕು. ಎರಡೂ ಕಿವಿ ಪೂರಾ ಮುಚ್ಚೋಂಥದ್ದು ತಗೊಳ್ಳಿ ಅಂತ ಅಲ್ಲಿನ ಶಾಂತಲಾ ಮೇಡಂ ಹೇಳವ್ರೆ."

"ಎಲ್ಡೂ ಕಿವಿ ಮುಚ್ಕಂಡು ಕೂತ್ರೆ ನಾನು ಕೂಗಿದ್ದು ಎಂಗೆ ಕೇಳ್ತದೆ?" ಸಾಕಮ್ಮನ ದನಿ ಏರಿತು. "ಒಂದು ಕಿವಿ ಬೇಕಾದ್ರೆ ಅಮೆರಿಕಕ್ಕೆ ಕೊಡ್ಲಿ, ಬ್ಯಾಡ ಅನ್ನಲ್ಲ. ಒಂದು ಕಿವಿ ಮನೆ ಕಡೀಕಿರ್ಬೇಕು."

ಇಂಥ ನ್ಯಾಯವನ್ನು ಹೈಕೋರ್ಟೂ ಹೇಳಲಾರದು ಎಂಬಂತೆ ಮಹದೇವಪ್ಪನವರು ತಲೆದೂಗಿದರು. ಇಬ್ಬರಿಗೂ ಸೇರಿ ಸಾವಿರದೈನೂರು, ಅದರ ಮೇಲೆ ಬಿಡಿಗಾಸೂ ಇಲ್ಲ ಎಂದು ಬಜೆಟ್ ಮಂಡಿಸಿ, ನಾಳೆಯೇ ತಾವೂ ಸಾಗರನೂ ಮೈಸೂರಿಗೆ ಹೋಗಿ ಬರುವುದೆಂದು ಸಾರಿದರು.

"ನಾನೂ ಬರ್ತೀನಿ ಮಾವ. ಕಿವಿಗೆ ಹಾಕಿ ನೋಡಿ ತಗೋಬೇಕು."

"ನೀನು ಬಂದ್ರೆ ಸೊಪ್ಪು ಕಟ್ಟೋ ಆಳುಗಳಿಗೆ ಅಡುಗೆ ಯಾರವ್ವ ಮಾಡೋರು? ಬ್ಯಾರನ್ ತುಂಬ್ತಾವ್ರೆ ನಾಳೆ. ನಿನ್ನ ಕಿವಿ ಅಳತೆ ನಂಗೆ ಗೊತ್ತಿಲ್ವಾ?"

ರುದ್ರಸ್ವಾಮಿ ಮೊಸರು ಕಲಸುತ್ತಿದ್ದ. "ನೀವಾದ್ರೂ ಹೇಳ್ರೀ," ಎಂದಳು ಹೆಂಡತಿ. "ಹೂಂ," ಎಂದ ಅವನು. ಯಾರಿಗೆ ಹೂಂ ಎಂದನೋ ಅವನಿಗೇ ಗೊತ್ತಿರಲಿಕ್ಕಿಲ್ಲ.

ಮರುದಿನ ಅಪ್ಪ ಮಗ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರು. ಮೈಸೂರಿನ ಒಂದು ಗಲ್ಲಿಯ ಕಂಪ್ಯೂಟರ್ ಅಂಗಡಿ. ಮಾಲೀಕ ನಟರಾಜು ಗಾಜಿನ ಮೇಲೆ ಆರೇಳು ಹೆಡ್‌ಸೆಟ್ಟುಗಳನ್ನು ಹರವಿ, "ಯಾವುದಕ್ಕೆ ಸಾರ್, ಕೇಳೋದಕ್ಕೋ ಮಾತಾಡೋದಕ್ಕೋ?" ಎಂದು ಕೇಳಿದ.

"ಕೇಳೋದೇನು ಮಹಾ, ಕಿವಿ ಇದ್ದೋರೆಲ್ಲ ಕೇಳ್ತಾರೆ," ಎಂದರು ಮಹದೇವಪ್ಪನವರು. "ಮಾತಾಡೋದು ಮುಖ್ಯ ಕಣಪ್ಪ. ಇದ್ರಲ್ಲಿ ದನಿ ಎಷ್ಟು ದೂರ ಓಯ್ತದೆ?"

"ಇದು ಮದುವೆ ಮೈಕ್‌ಸೆಟ್ ಅಲ್ಲ ಸಾರ್."

"ಆಯ್ತು, ಹಚ್ಚು ನೋಡಾನ."

ನಟರಾಜು ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ ಸ್ಪೀಕರ್ ಹಾಕಿಕೊಟ್ಟ. ಮಹದೇವಪ್ಪನವರು ಅವನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಕಿವಿಗೆ ಹಿಡಿಯಲೂ ಇಲ್ಲ. ಮೈಕಿನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಬಾಯಿಗೆ ತಂದು, ಉಫ್ ಉಫ್ ಎಂದು ಊದಿ ಶುರು ಮಾಡಿಕೊಂಡರು. "ಹಲೋ ಹಲೋ. ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮುಂದೆ ನೆರೆದಿರುವ ಮಹನೀಯರೇ." ಪ್ರಿಂಟರ್ ಶಾಯಿಗೆ ಬಂದಿದ್ದ ಒಬ್ಬ ಹೆಂಗಸು ತಾನೇ ಗಣ್ಯಳೋ ಎಂಬಂತೆ ಸುತ್ತ ನೋಡಿದಳು. ಹೀಗೆ ಆರು ಸ್ವಾಗತ ಭಾಷಣಗಳಾದವು. ದನಿ ಎಲ್ಲಕ್ಕಿಂತ ಗಡಸಾಗಿ ಬಂದದ್ದು ಒಂದು ಅಗ್ಗದ ಸೆಟ್ಟಿನಲ್ಲಿ. ಅದಕ್ಕೆ ಗೇಣುದ್ದದ ಮೈಕು, ಒಂದೇ ಕಿವಿ. ಇನ್ನೊಂದು ಕಡೆ ತಲೆಗೆ ಒರಗುವ ಒಂದು ಪ್ಲಾಸ್ಟಿಕ್ ತುಂಡು ಅಷ್ಟೇ.

"ಇದೇ ಸರಿ. ಒಂದು ಕಿವಿ ಖಾಲಿ, ಮೈಕೂ ಉದ್ದ. ನಿಮ್ಮವ್ವ ಹೇಳಿ ಮಾಡಿಸ್ದಂಗೈತೆ."

ಸಾಗರ್ ಆಗಲೇ ತನ್ನದನ್ನು ಆರಿಸಿಕೊಂಡಿದ್ದ. ಎರಡು ಕಿವಿಯನ್ನೂ ಮೆತ್ತನೆಯ ದಿಂಬಿನಂತೆ ಮುಚ್ಚುವ ದೊಡ್ಡ ಸೆಟ್ಟು. ನಟರಾಜು ಒಂದು ಮಾತು ಹೇಳಿ ನೋಡಿದ: "ಟೈಪಿಂಗ್ ಕೆಲಸಕ್ಕೆ ಅಂತೀರಿ, ಅವರಿಗೆ ಈ ದೊಡ್ಡದು ಕೊಡ್ಸಿ ಸಾರ್. ಆಟಕ್ಕೆ ಯಾವುದಾದ್ರೂ ನಡೀತದೆ."

"ಆಟ ಅಲ್ಲ, ಪ್ರಾಜೆಕ್ಟು," ಎಂದ ಸಾಗರ್. ಆ ಪದದ ಮುಂದೆ ಮಹದೇವಪ್ಪನವರು ಎಂದೂ ವಾದ ಮಾಡಿದವರಲ್ಲ. ಸಾವಿರದೈನೂರರಲ್ಲಿ ಮುಕ್ಕಾಲು ಪಾಲು ಪ್ರಾಜೆಕ್ಟಿಗೆ ಹೋಯಿತು. ಉಳಿದದ್ದರಲ್ಲಿ ಸೊಸೆಯ ಒಂಟಿ ಕಿವಿಯನ್ನು ಕೊಂಡು, ಮಿಕ್ಕ ಚಿಲ್ಲರೆಯಲ್ಲಿ ಅಪ್ಪ ಮಗ ಮಸಾಲೆ ದೋಸೆ ತಿಂದು ಬಂದರು.

"ನೋಡವ್ವ, ಅಂಗಡೀಲಿ ಇದ್ದಿದ್ನೆಲ್ಲ ಪರೀಕ್ಷೆ ಮಾಡಿ ತಂದಿದೀನಿ," ಎಂದು ಮಹದೇವಪ್ಪನವರು ಜಗಲಿಯಲ್ಲೇ ಡಬ್ಬಿ ಬಿಚ್ಚಿದರು.

ವಾಣಿಶ್ರೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಮಾವ, ಇದಕ್ಕೆ ಒಂದೇ ಕಿವಿ."

"ಅದೇ ಮತ್ತೆ! ನಿಮ್ಮತ್ತೆ ಅಂದಿದ್ದು ಮರ್ತೋಯ್ತಾ?"

"ಮೈಕ್ ನನಗೆ ಬೇಕಿರಲಿಲ್ಲ ಮಾವ."

"ಮೈಕ್ ಬ್ಯಾಡ ಅನ್ನೋರ್ನ ನಾನು ಇವತ್ತೇ ಕಂಡಿದ್ದು," ಎಂದು ಅವರು ನಕ್ಕರು. ಸಾಕಮ್ಮನೂ ನಕ್ಕಳು. ಸಾಗರ್ ತನ್ನ ಡಬ್ಬಿಯನ್ನು ಕಂಕುಳಲ್ಲಿ ಒತ್ತಿಕೊಂಡು ಒಳಗೆ ಹೋದ.

ಕಂಪ್ಯೂಟರ್ ಇದ್ದದ್ದು ನಡುಮನೆಯಲ್ಲಿ. ಸಾಕಮ್ಮ ಮೇಜನ್ನು ತಿರುಗಿಸಿ ಹಾಕಿಸಿ, ಸೊಸೆಯ ಖಾಲಿ ಕಿವಿ ಅಡುಗೆಮನೆಯ ಕಡೆಗೇ ಬರುವಂತೆ ನೋಡಿಕೊಂಡಳು. ಬೆಳಗಿನ ತಿಂಡಿ, ಆಳುಗಳ ಊಟ, ಮುಸುರೆ ಎಲ್ಲ ಮುಗಿಸಿ ಮಧ್ಯಾಹ್ನ ಅವಳು ಕೂತರೆ ಒಂದು ಕಿವಿಯಲ್ಲಿ ಅಮೆರಿಕದ ಡಾಕ್ಟರು ಮೂಗಿನಲ್ಲಿ ಗೊಣಗುತ್ತಿದ್ದ. ಇನ್ನೊಂದರಲ್ಲಿ ಕುಕ್ಕರ್ ಶಿಳ್ಳೆ, ಟಿವಿ ಧಾರಾವಾಹಿಯ ಅಳು, ಹೆದ್ದಾರಿಯ ಬಸ್ಸಿನ ಹಾರನ್ನು, ಎಲ್ಲದರ ಮೇಲೆ ಸಾಕಮ್ಮ.

"ವಾಣೀ!"

"ಓ."

"ಏನಿಲ್ಲ. ಕೇಳ್ತದಾ ಅಂತ ನೋಡ್ದೆ."

ಗಂಡನಿಗೆ ಮೈಕ್ ಟೆಸ್ಟಿಂಗ್ ಚಟವಾದರೆ ಹೆಂಡತಿಗೆ ಸೊಸೆ ಟೆಸ್ಟಿಂಗ್. ಗಳಿಗೆಗೊಮ್ಮೆ ಕೂಗುವಳು, 'ಓ' ಎಂದರೆ ಸಮಾಧಾನ, ಅನ್ನದಿದ್ದರೆ ಇನ್ನೂ ಸಮಾಧಾನ, ಬೈಯಲು ದಾರಿಯಾಯಿತಲ್ಲ. ಸಂಜೆಯಾದರೆ ಕುರ್ಚಿ ಸಾಗರನದು. ದೊಡ್ಡ ಸೆಟ್ಟು ತಲೆಗೇರಿಸಿಕೊಂಡು, ಮೈಕಿನೊಳಗೆ "ಕವರ್ ಮಿ! ಗೋ ಗೋ! ಬ್ಯಾಕ್ ಬ್ಯಾಕ್!" ಎಂದು ಕಿರುಚುತ್ತಿದ್ದ. ಮನೆಗೆ ಇಂಟರ್‌ನೆಟ್ ಇರಲಿಲ್ಲ. ಮೈಕಿನ ಆ ಕಡೆ ಯಾರೂ ಇರಲಿಲ್ಲ, ಒಂದು ನಾಯಿಯೂ ಇರಲಿಲ್ಲ. ಮಹದೇವಪ್ಪನವರು ಮಾತ್ರ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ, "ಹುಡುಗ ಎಂಗೆ ಇಂಗ್ಲಿಷ್ ಬುಡ್ತಾನೆ ನೋಡಿ" ಎಂದು ಹೋಗುವ ಬರುವವರಿಗೆ ಹೇಳುತ್ತಿದ್ದರು. ಕೇಳುವವರಿಲ್ಲದೆ ಮಾತಾಡುವುದು ಆ ಮನೆತನದ ಸೊತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೊದಲನೆಯ ಶನಿವಾರ ಮೈಸೂರಿನ ಆಫೀಸಿನಲ್ಲಿ ಶಾಂತಲಾ ಮೇಡಂ ಕೆಂಪು ಗೆರೆ ಎಳೆದ ಕಾಗದಗಳನ್ನು ಮುಂದಿಟ್ಟರು.

"ಇಲ್ಲಿ ನೋಡಿ ವಾಣಿಶ್ರೀ. ಡಾಕ್ಟರು ಹೈಪೋ ಅಂದಿದ್ದಾರೆ, ನೀವು ಹೈಪರ್ ಅಂತ ಹಾಕಿದ್ದೀರಿ. ಆ ರೋಗಿಗೆ ಬಿ.ಪಿ. ಕಮ್ಮಿ. ನೀವು ಜಾಸ್ತಿ ಮಾಡಿಬಿಟ್ರಿ. ಇಂಥದ್ದು ಎಷ್ಟೊಂದಿವೆ. ಟ್ರೇನಿಂಗಿನಲ್ಲಿ ನಿಮ್ಮಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋರೇ ಇರಲಿಲ್ವಲ್ಲ, ಏನಾಯ್ತು?"

ವಾಣಿಶ್ರೀ ಹೆಡ್‌ಸೆಟ್ಟಿನ ವಿಷಯ ಹೇಳಿದಳು. ಹೇಳುವಾಗ ಅವಳಿಗೆ ನಾಚಿಕೆಯಾಯಿತು. ನಾಚಬೇಕಾದವರು ಊರಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದರು.

"ಇನ್ನೆರಡು ಶನಿವಾರ ನೋಡ್ತೀನಿ," ಎಂದರು ಮೇಡಂ. "ಹಿಂಗೇ ಆದ್ರೆ ಹೆಸರು ತೆಗೀಬೇಕಾಗತ್ತೆ. ನನ್ನ ಕೈಲಿಲ್ಲ."

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೊಡುತ್ತ ಅವಳು ಮೈದುನನನ್ನು ಕೇಳಿದಳು. "ಸಾಗರ್, ಎರಡು ವಾರದ ಮಟ್ಟಿಗೆ ನಿನ್ನ ಸೆಟ್ ಕೊಡಪ್ಪ. ಹಗಲು ನೀನು ಕಾಲೇಜಲ್ಲಿರ್ತೀಯಲ್ಲ. ಬರೋ ಹೊತ್ತಿಗೆ ಒರೆಸಿ ಇಟ್ಟಿರ್ತೀನಿ."

"ಆಗಲ್ಲ ಅತ್ಗೆ. ನೀವು ತಲೆಗೆ ಹರಳೆಣ್ಣೆ ಹಾಕ್ತೀರ. ಕುಶನ್ ಹಾಳಾಯ್ತದೆ."

"ಬಟ್ಟೆ ಕಟ್ಕೊಂಡು ಹಾಕ್ಕೋತೀನಿ."

"ಒಬ್ರು ಕಿವೀದು ಇನ್ನೊಬ್ರು ಹಾಕ್ಕೋಬಾರ್ದು ಅತ್ಗೆ. ಇನ್‌ಫೆಕ್ಷನ್ ಆಯ್ತದೆ. ಡಾಕ್ಟ್ರು ಮಾತು ಕೇಳೋರು ನೀವು, ನಿಮಗೇ ಗೊತ್ತಿಲ್ವಾ?"

ಮೂರು ಹೊತ್ತು ಅತ್ತಿಗೆ ಬೇಯಿಸಿದ್ದು ತಿಂದು, ಅತ್ತಿಗೆ ಒಗೆದ ಚಡ್ಡಿ ತೊಡುವವನಿಗೆ ಅತ್ತಿಗೆಯ ಕಿವಿ ಮಾತ್ರ ಮೈಲಿಗೆ. ಸಾಕಮ್ಮ ಒಳಗಿಂದಲೇ ಮಗನ ಪರ ಬಂದಳು. "ಇರೋದ್ರಲ್ಲಿ ಮಾಡಕ್ಕಾಗ್ದಿದ್ರೆ ಬುಟ್ಬುಡು. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ." ಸಾಗರ್ ಅವತ್ತಿನಿಂದ ತನ್ನ ಸೆಟ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದ.

ವಾಣಿಶ್ರೀ ಬ್ಯಾರನ್ ಹತ್ತಿರ ಹೋಗಿ ಗಂಡನನ್ನು ಹಿಡಿದಳು. ರುದ್ರಸ್ವಾಮಿ ಒಲೆಯ ಬಾಯಿಗೆ ಸೌದೆ ನೂಕುತ್ತಿದ್ದ.

"ರೀ, ಈ ಕೆಲಸ ತಪ್ಪೋದ್ರೆ ನನಗೆ ಇನ್ನೊಂದು ಸಿಗಲ್ಲ. ಒಂದು ಮಾತು ನಿಮ್ಮ ತಮ್ಮಂಗೆ ಹೇಳಿ."

"ಹೂಂ."

"ಹೂಂ ಅಂದ್ರೆ ಹೇಳ್ತೀರಾ?"

"ನೋಡಾನ."

"ಏನು ನೋಡೋದು? ನಿಮ್ಮ ಬಾಯಲ್ಲಿ ಅದು ಬಿಟ್ರೆ ಬೇರೆ ಏನೂ ಹೊರಡಲ್ವಾ?" ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಅಸಹ್ಯವಾಯಿತು. ಅವನು ಇನ್ನೊಂದು ಸೌದೆ ನೂಕಿದ.

ಸೋಮವಾರ ಅವಳು ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಲ್ಲಿ ಒಂದು ಉಂಡೆ ಮಾಡಿ ಖಾಲಿ ಕಿವಿಗೆ ತುರುಕಿಕೊಂಡು, ಕೂದಲು ಮುಂದಕ್ಕೆ ಬಿಟ್ಟುಕೊಂಡು ಕೂತಳು. ಕುಕ್ಕರ್ ದೂರವಾಯಿತು, ಬಸ್ಸು ದೂರವಾಯಿತು. ಡಾಕ್ಟರು ಸ್ವಲ್ಪ ಹತ್ತಿರ ಬಂದ. ಒಂದು ಪುಟ, ಎರಡು ಪುಟ. ಮೂರನೆಯ ಪುಟದಲ್ಲಿರುವಾಗ ಯಾರೋ ಅವಳ ಜುಮುಕಿ ಸಮೇತ ಕಿವಿ ಎಳೆದರು.

"ಆಗಿಂದ ಕೂಗ್ತಾ ಇವ್ನಿ, ಓ ಅನ್ನಲ್ಲ ಅಂದ್ರೆ ಇದಾ ಇವಳ ಆಟ!" ಸಾಕಮ್ಮ ಹತ್ತಿಯನ್ನು ಕಿತ್ತು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಆಮೇಲೆ ಅದು ಏನೆಂದು ತಿಳಿದು ಬೆಚ್ಚಿ ಬಿಸುಟಳು. "ಅಯ್ಯೋ ಶಿವನೇ! ಕಿವೀಗೆ ಹತ್ತಿ ಇಡೋದು ಹೆಣಕ್ಕೆ ಕಣೇ! ಮುತ್ತೈದೆ ಮುಂಡೇದು, ನಡುಮನೇಲಿ ಕಿವೀಗೆ ಹತ್ತಿ ಇಟ್ಕಂಡು ಕೂತವ್ಳೆ! ಯಾರ ಹೆಣ ಬೀಳ್ಲಿ ಅಂತ?"

"ಕೆಲಸಕ್ಕೆ ಅಂತ ಇಟ್ಕೊಂಡೆ ಅತ್ತೆ."

"ಹೆಣದ ಕೆಲ್ಸ! ಎದ್ದು ಮುಖ ತೊಳ್ಕೊಂಡು ದೀಪ ಹಚ್ಚು, ಹೋಗು. ಇನ್ನೊಂದ್ಸಲ ಹತ್ತಿ ಕಂಡ್ರೆ ಆ ಪೆಟ್ಟಿಗೇನೇ ತಿಪ್ಪೆಗೆ ಹಾಕಿಸ್ತೀನಿ."

ಅವಳು ಎದ್ದಳು, ಮುಖ ತೊಳೆದಳು, ದೀಪ ಹಚ್ಚಿದಳು, ಎಲ್ಲರಿಗೂ ಬಡಿಸಿದಳು. ಆಮೇಲೆ ಊಟ ಬೇಡವೆಂದು ಬಂದು ಮತ್ತೆ ಒಂಟಿ ಕಿವಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಅವತ್ತು ಕಾಲೇಜಿಗೆ ರಜೆಯಂತೆ, ಸಾಗರನೂ ಮನೆಯಲ್ಲಿದ್ದ. ಅಡುಗೆಮನೆಯ ಬಾಗಿಲ ಬಳಿ ನಾಲ್ವರೂ ಉಣ್ಣುತ್ತಿದ್ದರು.

"ಅಳ್ತಾ ಇದಾಳಾ?" ಎಂದರು ಮಹದೇವಪ್ಪನವರು.

"ಸುಮ್ನಿರಿ, ಕೇಳುಸ್ತದೆ," ಎಂದಳು ಸಾಕಮ್ಮ.

"ಅವ್ರಿಗೆ ಎಲ್ಲಿ ಕೇಳುಸ್ತದೆ ಬುಡವ್ವ, ಕಿವೀಗೆ ಹಾಕ್ಕೊಂಡವ್ರೆ," ಎಂದ ಸಾಗರ್.

ಒಂದು ಕಿವಿ ಮನೆ ಕಡೆಗಿರಲಿ ಎಂದು ಪಂಚಾಯಿತಿ ಮಾಡಿ, ಪಟ್ಟಣಕ್ಕೆ ಹೋಗಿ, ಆರು ಭಾಷಣ ಮಾಡಿ ಆ ಒಂಟಿ ಕಿವಿಯನ್ನು ತಂದವರು ಇವರೇ. ಇನ್ನೊಂದು ಕಿವಿ ಖಾಲಿ ಇದೆ ಎಂಬುದು ನಾಲ್ವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ತಲೆಯ ಮೇಲೊಂದು ಯಂತ್ರ ಕಂಡಿತು, ಕಿವುಡಿ ಎಂದುಕೊಂಡರು. ಬುದ್ಧಿ ಇದ್ದದ್ದೇ ಅಷ್ಟು.

"ನೋಡ್ಲಾ ರುದ್ರ," ಎಂದರು ಮಹದೇವಪ್ಪನವರು, "ಅವ್ಳೇನಾದ್ರೂ ಪಾಸಾದ್ರೆ ಸಂಬಳ ನಿನ್ನ ಖಾತೆಗೇ ಬರಂಗೆ ಮೊದ್ಲೇ ಬರಸ್ಬೇಕು. ಹೆಂಗಸ್ರ ಕೈಗೆ ಕಾಸು ಕೊಟ್ರೆ ಮೂಗುದಾರ ಬಿಚ್ದಂಗೆ."

"ಹೂಂ."

"ನಂಗೆ ಬೈಕ್ ಕೊಡುಸ್ಬೇಕು ಅಪ್ಪ, ಮೊದ್ಲೇ ಹೇಳಿದೀನಿ."

"ಮನೆ ಕೆಲ್ಸ?" ಎಂದಳು ಸಾಕಮ್ಮ. "ಆಳುಗಳಿಗೆ ಬೇಯ್ಸಿ ಹಾಕೋರ್ಯಾರು?"

"ಮನೇಲೇ ಇರ್ತಾಳಲ್ಲೇ. ಬೆಳಿಗ್ಗೆ ಮುಸುರೆ, ಮಧ್ಯಾನ ಟೈಪು. ಎಲ್ಡು ಆಳಿನ ಕೆಲ್ಸ, ಒಂದು ಆಳಿನ ಊಟ. ಆಫೀಸ್ಗೆ ಬಾ ಅಂತ ಅವ್ರೇನಾದ್ರೂ ಕರುದ್ರೆ ಮಾತ್ರ ಕಳಿಸ್ಬ್ಯಾಡ. ಹೊಸ್ಲು ದಾಟುದ್ರೆ ಕೈಗೆ ಸಿಕ್ಕಲ್ಲ. ಅವಳಪ್ಪ ಕೊಟ್ಟ ಈ ಪೆಟ್ಟಿಗೆ ಅಂತೂ ಇಷ್ಟು ದಿನಕ್ಕೆ ಉಪಯೋಗಕ್ಕೆ ಬಂತು."

ನಾಲ್ವರೂ ನಕ್ಕರು. ರುದ್ರಸ್ವಾಮಿಯ ನಗು ಕೊನೆಯಲ್ಲಿ, ಸಣ್ಣದಾಗಿ, ಅದೂ ಒಂದು ಹೂಂನಂತೆಯೇ ಬಂತು. ವಾಣಿಶ್ರೀ ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ಡಾಕ್ಟರು ಏನೆಂದನೋ ಅವಳಿಗೆ ಕೇಳಿಸಲೇ ಇಲ್ಲ. ಬೆರಳು ಸುಮ್ಮನೆ ಒಂದೇ ಅಕ್ಷರವನ್ನು ಒತ್ತುತ್ತಿತ್ತು.

ಎರಡನೆಯ ಶನಿವಾರವೂ ಕೆಂಪು ಗೆರೆಗಳೇ. ಮೂರನೆಯ ಶನಿವಾರ ಶಾಂತಲಾ ಮೇಡಂ ಕಾಗದ ನೋಡದೆ ಅವಳ ಮುಖವನ್ನೇ ನೋಡಿದರು. "ಇವತ್ತು ಮನೆಯದ್ದು ಬೇಡ. ಇಲ್ಲೇ ಕೂತ್ಕೊಂಡು ಒಂದು ಫೈಲ್ ಮಾಡಿ ತೋರ್ಸಿ," ಎಂದು ಆಫೀಸಿನ ಹೆಡ್‌ಫೋನ್ ಕೊಟ್ಟರು. ಎರಡು ಕಿವಿಯ, ಮೈಕಿಲ್ಲದ, ಹಳೆಯ ಕಪ್ಪು ಹೆಡ್‌ಫೋನು. ವಾಣಿಶ್ರೀ ಜುಮುಕಿ ಬಿಚ್ಚಿ ಪರ್ಸಿನಲ್ಲಿಟ್ಟು ಅದನ್ನು ಹಾಕಿಕೊಂಡಳು. ಡಾಕ್ಟರು ತಲೆಯೊಳಗೇ ಬಂದು ಕೂತು ಮಾತಾಡಿದಂತಾಯಿತು. ಅವನು ಕಾಗದ ಮಗುಚಿದ್ದು ಕೇಳಿತು, ನಡುವೆ ಉಸಿರು ತೆಗೆದದ್ದು ಕೇಳಿತು. ಎಷ್ಟೋ ತಿಂಗಳ ಮೇಲೆ ಅವಳನ್ನು ಯಾರೂ ಕೂಗಲಿಲ್ಲ. ಅವಳಿಗೆ ಆದ ಸಂತೋಷ ಎಷ್ಟೆಂದರೆ ಕಣ್ಣು ಒರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಆ ಕಾಗದದಲ್ಲಿ ಕೆಂಪು ಗೆರೆ ಬೀಳಲಿಲ್ಲ.

"ಸೋಮವಾರದಿಂದ ಸೇರ್ಕೊಳ್ಳಿ," ಎಂದರು ಮೇಡಂ. "ಮನೇಲೇ ಮಾಡ್ತೀರೋ, ಆಫೀಸಿಗೆ ಬರ್ತೀರೋ?"

"ಬರ್ತೀನಿ ಮೇಡಂ. ಬೆಳಗಿನ ಬಸ್ಸಿದೆ, ಸಂಜೆಗೆ ವಾಪಸ್ಸೂ ಇದೆ. ಖಾತೆ ನನ್ನ ಹೆಸರಲ್ಲೇ ತೆಗೀತೀನಿ."

ಮನೆಗೆ ಬಂದು ಅವಳು ಅರ್ಧವನ್ನಷ್ಟೇ ಹೇಳಿದಳು. "ಮಾವ, ಪಾಸಾದೆ. ಕೆಲಸ ಸಿಕ್ತು."

ಆ ಅರ್ಧ ಮಹದೇವಪ್ಪನವರಿಗೆ ಸಾಕಾಗಿತ್ತು. ಮರುದಿನ ಭಾನುವಾರ ಮೂರನೆಯ ಬೀದಿಯ ಚಿಕ್ಕಬಸಪ್ಪನ ಮನೆಯ ಗೃಹಪ್ರವೇಶ. ಅವನ ಹೊಸ ಮನೆಯ ಮಾಳಿಗೆಯ ಮೇಲೆ ಎರಡು ದೊಡ್ಡ ಹಾರನ್ನು ಕಟ್ಟಿದ್ದರು. ಸಾಕಮ್ಮ ಬುತ್ತಿ ಹೊತ್ತು ಬ್ಯಾರನ್ನಿಗೆ ಹೋಗಿದ್ದಳು. ವಾಣಿಶ್ರೀ ಅಡುಗೆಮನೆಯಲ್ಲಿ ನೆನೆಸಿದ ಒಣ ಅವರೆಕಾಳು ಹಿದುಕುತ್ತಿರುವಾಗ ಉಫ್ ಉಫ್ ಎಂಬ ಸದ್ದು ಬಿಳಿಕೆರೆಯ ಮೇಲೆಲ್ಲ ಹಾಯಿತು.

"ಹಲೋ ಹಲೋ. ಆತ್ಮೀಯ ಬಂಧುಗಳೇ. ಇಂದು ನನ್ನ ಸೊಸೆ ಚಿರಂಜೀವಿ ಸೌಭಾಗ್ಯವತಿ ವಾಣಿಶ್ರೀ ಅಮೆರಿಕಾ ದೇಶದ ವೈದ್ಯರ ಜೊತೆ ಕೆಲಸ ಮಾಡುವ ಮಟ್ಟಕ್ಕೆ ಬೆಳೆದಿದ್ದಾಳೆ ಎಂದು ಹೇಳಿಕೊಳ್ಳಲು ಹೆಮ್ಮೆಯಾಗುತ್ತದೆ. ಅದಕ್ಕೆ ಬೇಕಾದ ಯಂತ್ರೋಪಕರಣಗಳನ್ನು ನಾನೇ ಖುದ್ದಾಗಿ ಪರೀಕ್ಷಿಸಿ ತಂದುಕೊಟ್ಟೆ. ಹೆಣ್ಣುಮಕ್ಕಳು ಹೊಸಿಲು ದಾಟಬೇಕು ಬಂಧುಗಳೇ! ದುಡಿಯಬೇಕು, ದುಡಿದ ಹಣ ಅವರ ಕೈಯಲ್ಲೇ ಇರಬೇಕು! ಅವರನ್ನು ತಡೆಯುವವನು ಗಂಡಸೇ ಅಲ್ಲ ಎಂದು ಈ ವೇದಿಕೆಯಿಂದ ಸಾರುತ್ತೇನೆ!"

ಚಪ್ಪಾಳೆ ಬಿತ್ತು. ವಾಣಿಶ್ರೀಯ ಕೈಯಲ್ಲಿ ಅವರೆಕಾಳು ಹಾಗೇ ಉಳಿಯಿತು. ಮದುವೆಯಾಗಿ ಬಂದಮೇಲೆ ಮಾವನ ಭಾಷಣವನ್ನು ಅವಳು ಪೂರ್ತಿ ಕೇಳಿದ್ದು ಅದೇ ಮೊದಲು.

ಸಂಜೆ ಹಿದಕಬೇಳೆ ಸಾರಿನ ಮುಂದೆ ಎಲ್ಲರೂ ಕೂತಾಗ ಅವಳು ಹೇಳಿದಳು. "ಮಾವ, ನಾಳೆಯಿಂದ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗ್ತೀನಿ. ಆಫೀಸಲ್ಲೇ ಕೆಲಸ. ಸಂಜೆ ಬರ್ತೀನಿ. ಸಂಬಳಕ್ಕೆ ನನ್ನ ಹೆಸರಲ್ಲೇ ಖಾತೆ ತೆಗೀತಾ ಇದೀನಿ."

ಮಹದೇವಪ್ಪನವರ ಮುಖ ಕೆಂಪಾಯಿತು. "ಏನಂದೆ? ಯಾರ್ನ ಕೇಳಿ ಒಪ್ಕೊಂಡೆ?"

"ನಿಮ್ಮನ್ನೇ ಕೇಳಿ, ಮಾವ."

"ನನ್ನಾ? ನನ್ನ ಯಾವಾಗ ಕೇಳ್ದೆ?"

"ಎರಡು ಸಲ ಕೇಳ್ದೆ ಮಾವ. ಹತ್ತಿ ಕಿತ್ತ ದಿವಸ ಊಟಕ್ಕೆ ಕೂತು ನೀವು ಅಂದ್ರಲ್ಲ, ಎರಡು ಆಳಿನ ಕೆಲಸ, ಒಂದು ಆಳಿನ ಊಟ, ಮೂಗುದಾರ, ಬೈಕು. ಅದನ್ನ ಒಂದು ಕಿವೀಲಿ ಕೇಳ್ದೆ. ಮನೆ ಕಡೆಗಿರ್ಲಿ ಅಂತ ನೀವೇ ಬಿಡಿಸಿದ ಕಿವಿ." ಅವಳು ರುದ್ರಸ್ವಾಮಿಯ ತಟ್ಟೆಗೆ ಸಾರು ಹಾಕಿದಳು, ಒಂದು ಹನಿ ಚೆಲ್ಲಲಿಲ್ಲ. "ಇವತ್ತು ಮೈಕಲ್ಲಿ ಅಂದ್ರಿ. ಅದನ್ನ ಎರಡೂ ಕಿವೀಲಿ ಕೇಳ್ದೆ. ಊರೂ ಕೇಳ್ತು. ಎರಡನೇದಕ್ಕೆ ಓ ಅಂದೆ, ಅಷ್ಟೇ."

ಮಹದೇವಪ್ಪನವರ ಬಾಯಿ ತೆರೆದೇ ಇತ್ತು, ಆದರೆ ಅದರ ಮುಂದೆ ಮೈಕಿರಲಿಲ್ಲ. ಸಾಕಮ್ಮ ಗಂಡನನ್ನು ನೋಡಿದಳು, ಗಂಡ ಹಿರಿಮಗನನ್ನು ನೋಡಿದರು. ರುದ್ರಸ್ವಾಮಿ ತಟ್ಟೆ ನೋಡುತ್ತ, "ಹೂಂ," ಎಂದ. ಅವನ ಜನ್ಮದಲ್ಲಿ ಅದೊಂದು ಹೂಂ ಸರಿಯಾದ ಜಾಗಕ್ಕೆ ಬಿತ್ತು, ಅದೂ ಗೊತ್ತಿಲ್ಲದೆ.

ಸೋಮವಾರ ಬೆಳಿಗ್ಗೆ ವಾಣಿಶ್ರೀ ತಿಂಡಿ ಮಾಡಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದಳು. ಒಂಟಿ ಕಿವಿಯ ಹೆಡ್‌ಸೆಟ್ಟು ನಡುಮನೆಯ ಮೊಳೆಗೆ ನೇತಾಡುತ್ತಿತ್ತು. ಆಳುಗಳ ಅಡುಗೆಗೆ ಒಲೆ ಹಚ್ಚಿದ ಸಾಕಮ್ಮ ರಾಗಿಹಿಟ್ಟಿನ ಡಬ್ಬ ಹುಡುಕುತ್ತ, ಅಭ್ಯಾಸಬಲದಿಂದ ಕೂಗಿದಳು.

"ವಾಣೀ!"

ಉತ್ತರ ಬರಲಿಲ್ಲ. ಎಸರು ಕೊತಕೊತ ಕುದಿಯುತ್ತಿತ್ತು.

"ಏ ಸಾಗರಾ!"

ಸಾಗರ್ ದೊಡ್ಡ ಸೆಟ್ಟು ಹಾಕಿಕೊಂಡು ಯಾರೂ ಇಲ್ಲದ ಕಡೆಗೆ "ಗೋ ಗೋ!" ಎಂದು ಕಿರುಚುತ್ತಿದ್ದ.

"ಈ ಮನೇಲಿ ಯಾರಿಗೂ ಕಿವಿ ಇಲ್ವಾ? ಯಾರಾನ ಓ ಅನ್ರೋ! ಹಿಟ್ಟಿನ ಡಬ್ಬ ಎಲ್ಲೈತೆ?"

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಹದೇವಪ್ಪನವರು ಆ ಕಡೆ ಈ ಕಡೆ ನೋಡಿದರು. ಬೇರೆ ಯಾರೂ ಇರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಇದ್ದಷ್ಟು ಸಣ್ಣ ದನಿಯಲ್ಲಿ "ಓ" ಎಂದರು.